ಬಂಧನವೋ, ಮಾನಸ ಸರೋವರವೋ? ಎಂಬತ್ತರ ದಶಕದ ಕನ್ನಡ ಸಿನಿಮಾ ಆರಿಸಿಕೊಳ್ಳುವವರಿಗೆ

ನಮ್ಮ ಮನೆಯಲ್ಲಿ ಹಬ್ಬದ ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂದರೆ ಅದರ ಹಿಂದೆಯೇ ಒಂದು ಜಗಳವೂ ಬರುತ್ತದೆ. ಎಂಬತ್ತರ ದಶಕದ ಕನ್ನಡ ಸಿನಿಮಾಗಳಲ್ಲಿ ಯಾವುದು ದೊಡ್ಡದು? ಭಾವ ಬಾಯಿ ತೆರೆದರೆ ‘ಬಂಧನ’. ಚಿಕ್ಕಪ್ಪ ಆ ಕಾಲದಲ್ಲಿ ಫಿಲ್ಮ್ ಸೊಸೈಟಿಗೆ ಚಂದಾ ಕಟ್ಟಿದವರು, ಅವರದು ‘ತಬರನ ಕಥೆ’. ರಾಜ್‌ಕುಮಾರ್ ಇಲ್ಲದ ಪಟ್ಟಿಯನ್ನು ಅಮ್ಮ ಪಟ್ಟಿ ಅಂತಲೇ ಒಪ್ಪುವುದಿಲ್ಲ. ಮಗಳು ಮೊಬೈಲಿನಿಂದ ತಲೆ ಎತ್ತಿ, ‘ಸರಿ, ನಾನು ಯಾವುದು ನೋಡ್ಲಿ? ಒಂದೇ ಒಂದು ಹೇಳಿ’ ಅನ್ನುತ್ತಾಳೆ. ಮೂವರೂ ಒಟ್ಟಿಗೆ ಮಾತಾಡುತ್ತಾರೆ. ಅವಳು ಮತ್ತೆ ತಲೆ ತಗ್ಗಿಸುತ್ತಾಳೆ.

ಅವಳಿಗೆ ಅಂತ ಬರೆದುಕೊಳ್ಳಲು ಶುರು ಮಾಡಿದ್ದು ಇಷ್ಟು ಉದ್ದ ಆಯಿತು.

ಈ ಜಗಳ ಎಲ್ಲಿ ಕೆಡುತ್ತದೆ ಅಂತ ನನಗೆ ಗೊತ್ತು. ‘ಅವಾರ್ಡ್ ಪಿಕ್ಚರ್’ ಒಂದು ಕಡೆ, ‘ಥಿಯೇಟರ್ ಪಿಕ್ಚರ್’ ಇನ್ನೊಂದು ಕಡೆ ಅಂತ ಗೆರೆ ಎಳೆದ ಕೂಡಲೇ ಕೆಡುತ್ತದೆ. ಆ ಗೆರೆ ನಮ್ಮ ತಲೆಯಲ್ಲಿ ಮೂಡಿದ್ದರಲ್ಲಿ ದೂರದರ್ಶನದ ಪಾಲೂ ಇದೆ. ಭಾನುವಾರ ಮಧ್ಯಾಹ್ನ ಯಾವುದೋ ಒಂದು ಭಾಷೆಯ ಪ್ರಶಸ್ತಿ ಸಿನಿಮಾ ಬರುತ್ತಿತ್ತು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಸಂಜೆ ಕನ್ನಡದ್ದು, ಹಾಡು ಫೈಟು ಎಲ್ಲ ಇರುವಂಥದ್ದು. ಮಧ್ಯಾಹ್ನದ್ದಕ್ಕೆ ಮನೆಯವರೆಲ್ಲ ನಿದ್ದೆ ಹೋಗುತ್ತಿದ್ದರು. ಸಂಜೆಯದ್ದಕ್ಕೆ ಪಕ್ಕದ ಮನೆಯವರೂ ಬಂದು ಚಾಪೆ ಹಾಸಿ ಕೂರುತ್ತಿದ್ದರು. ಅಲ್ಲಿಗೆ ಮಧ್ಯಾಹ್ನದ್ದು ದೊಡ್ಡದು ಆದರೆ ಬೋರು, ಸಂಜೆಯದ್ದು ಮಜಾ ಆದರೆ ಸಣ್ಣದು ಅಂತ ತೀರ್ಮಾನ ಆಗಿಹೋಯಿತು.

ಆದರೆ ಆ ಗೆರೆ ಎಂಬತ್ತರ ದಶಕದಲ್ಲೇ ಸೋರುತ್ತಿತ್ತು. ಪಕ್ಕಾ ಥಿಯೇಟರ್ ಸಿನಿಮಾ ಆದ ‘ಬಂಧನ’ಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಹಾಡಿನ ಸಿನಿಮಾಗಳಲ್ಲಿ ಮರ ಸುತ್ತಿದ ಅನಂತನಾಗ್ ಅದೇ ಕಾಲದಲ್ಲಿ ‘ಬರ’ದ ಜಿಲ್ಲಾಧಿಕಾರಿಯೂ ಆದರು. ಆಟೋ ಹಿಂದೆ ಇವತ್ತಿಗೂ ಚಿತ್ರ ಇರುವ ಶಂಕರ್‌ನಾಗ್ ‘ಆಕ್ಸಿಡೆಂಟ್’ ತೆಗೆದರು. ಅದಕ್ಕೇ ನನ್ನ ದಾರಿ ಬೇರೆ. ಒಂದೇ ಪ್ರಶ್ನೆ ಕೇಳುವ ಎರಡು ಸಿನಿಮಾ ತೆಗೆದುಕೊಂಡು ಪಕ್ಕ ಪಕ್ಕ ಇಡಿ. ಯಾವುದು ಮೇಲೆ ಅನ್ನುವ ಜಗಳ ಆಮೇಲೂ ನಡೆಯುತ್ತದೆ, ಆದರೆ ಜಗಳಕ್ಕೆ ಒಂದು ಅರ್ಥ ಬರುತ್ತದೆ.

ಇಬ್ಬರು ಡಾಕ್ಟರು, ಒಂದೇ ನೋವು

ಮೊದಲು ಭಾವನ ಸಿನಿಮಾ. ‘ಬಂಧನ’ 1984ರದ್ದು. ಉಷಾ ನವರತ್ನರಾಂ ಅವರ ಕಾದಂಬರಿ, ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನ. ಡಾಕ್ಟರ್ ಹರೀಶ್ (ವಿಷ್ಣುವರ್ಧನ್) ಜೊತೆಯಲ್ಲೇ ಕೆಲಸ ಮಾಡುವ ನಂದಿನಿಯನ್ನು (ಸುಹಾಸಿನಿ) ಪ್ರೀತಿಸುತ್ತಾನೆ. ಅವಳಿಗೆ ಅವನು ಒಳ್ಳೆಯ ಸ್ನೇಹಿತ, ಅಷ್ಟೇ. ಅವಳ ಮದುವೆ ಬೇರೆಯವನ ಜೊತೆ ಆಗುತ್ತದೆ.

ಅದಕ್ಕೆ ಎರಡು ವರ್ಷ ಮೊದಲು, 1982ರಲ್ಲಿ, ಪುಟ್ಟಣ್ಣ ಕಣಗಾಲ್ ‘ಮಾನಸ ಸರೋವರ’ ಮಾಡಿದ್ದರು. ಅಲ್ಲಿಯೂ ನಾಯಕ ಡಾಕ್ಟರೇ, ಮನೋವೈದ್ಯ. ಶ್ರೀನಾಥ್ ಆ ಪಾತ್ರ. ಬುದ್ಧಿ ಕದಡಿದ ಹುಡುಗಿಯೊಬ್ಬಳಿಗೆ ಚಿಕಿತ್ಸೆ ಕೊಟ್ಟು ಸರಿ ಮಾಡುತ್ತಾನೆ. ಸರಿ ಮಾಡುತ್ತಾ ಮಾಡುತ್ತಾ ಅವಳನ್ನೇ ಪ್ರೀತಿಸುತ್ತಾನೆ. ಅವಳ ಮನಸ್ಸು ಇನ್ನೊಬ್ಬನ ಮೇಲೆ. ಕೊನೆಗೆ ಬುದ್ಧಿ ಕದಡುವುದು ಡಾಕ್ಟರಿಗೆ.

ಕಥೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಒಬ್ಬ ಒಳ್ಳೆಯ ಡಾಕ್ಟರು, ಒಮ್ಮುಖ ಪ್ರೀತಿ, ಕುಸಿತ. ಆದರೆ ನೋಡಿ ಎದ್ದಾಗ ಮನಸ್ಸಿನಲ್ಲಿ ಉಳಿಯುವುದು ಬೇರೆ ಬೇರೆ.

‘ಬಂಧನ’ ಪೂರ್ತಿ ಹರೀಶನ ಕಡೆಗಿದೆ. ಅವನು ನಕ್ಕರೆ ನಾವು ನಗುತ್ತೇವೆ, ಅವನು ಕುಡಿದರೆ ನಮಗೆ ಗಂಟಲು ಉರಿಯುತ್ತದೆ. ವಿಷ್ಣುವರ್ಧನ್ ಅವರಿಗೆ ಈ ಪಾತ್ರಕ್ಕೆ ರಾಜ್ಯ ಪ್ರಶಸ್ತಿ ಬಂದದ್ದು ಸುಮ್ನೆ ಅಲ್ಲ. ಹೊಡೆದಾಡುವ ನಾಯಕ ಅಂತ ಹೆಸರಾಗಿದ್ದವರು ಇಲ್ಲಿ ಮಾತನ್ನು ನುಂಗಿಕೊಂಡೇ ಪಾತ್ರ ಮಾಡಿದ್ದಾರೆ. ಎಂ. ರಂಗರಾವ್ ಅವರ ಸಂಗೀತ, ಆರ್.ಎನ್. ಜಯಗೋಪಾಲ್ ಅವರ ಸಾಹಿತ್ಯ. ‘ನೂರೊಂದು ನೆನಪು’ ಇವತ್ತಿಗೂ ಆರ್ಕೆಸ್ಟ್ರಾದವರು ಕೊನೆಗೆ ಇಟ್ಟುಕೊಳ್ಳುವ ಹಾಡು. ಜೊತೆಗೆ, ನಂದಿನಿಯ ಗಂಡನ ಪಾತ್ರವನ್ನು (ಜೈಜಗದೀಶ್) ಬರೀ ಅಡ್ಡಗಾಲು ಮಾಡಿಲ್ಲ. ಅವರ ಮನೆಯಲ್ಲಿ ನಡೆಯುವುದು ನಿಜವಾದ ಜಗಳ. ನಾನು ಗಂಡಸು ಅನ್ನುವ ಹಮ್ಮು ಒಂದು ಕಡೆ, ನನಗೂ ಓದು ಕೆಲಸ ಇದೆ ಅನ್ನುವ ಹೆಂಡತಿ ಇನ್ನೊಂದು ಕಡೆ. ನಂದಿನಿಗೆ ಅವಳದೇ ಒಂದು ಬದುಕಿದೆ.

‘ಮಾನಸ ಸರೋವರ’ ಇಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಲ್ಲಿ ಪ್ರೀತಿಯೇ ಒಂದು ಅತಿಕ್ರಮ. ರೋಗಿ ಡಾಕ್ಟರನ್ನು ನಂಬಿ ಮನಸ್ಸು ಬಿಚ್ಚಿದ್ದಾಳೆ, ಡಾಕ್ಟರು ಆ ಮನಸ್ಸಿನ ಮೇಲೆ ಹಕ್ಕು ಇದೆ ಅಂದುಕೊಂಡಿದ್ದಾನೆ. ಪುಟ್ಟಣ್ಣ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಡೂ ಹೇಳುವುದಿಲ್ಲ. ‘ನೀನೇ ಸಾಕಿದಾ ಗಿಣಿ’ ಹಾಡು ಕೇಳಿ, ಅದರ ಮಾತೆಲ್ಲ ಡಾಕ್ಟರ ಪರವಾಗಿಯೇ ಇದೆ. ಮುದ್ದಿನ ಗಿಣಿ ಹದ್ದಾಯಿತು ಅಂತ ದೂರು. ಆದರೆ ಕಥೆಯನ್ನು ತಣ್ಣಗೆ ಕೂತು ನೋಡಿದರೆ ಆ ಹುಡುಗಿ ಮಾಡಿದ ತಪ್ಪು ಏನು? ವಾಸಿಯಾದಳು. ತನಗೆ ಬೇಕಾದವನನ್ನು ಆರಿಸಿಕೊಂಡಳು. ಚಿಕಿತ್ಸೆ ಗೆದ್ದಿದೆ ಅನ್ನಲು ಅದೇ ಸಾಕ್ಷಿ! ಹಾಡು ಒಂದು ಕಡೆ ಎಳೆಯುತ್ತದೆ, ಕಥೆ ಇನ್ನೊಂದು ಕಡೆ. ಇಪ್ಪತ್ತರ ವಯಸ್ಸಿನಲ್ಲಿ ನೋಡಿದಾಗ ನಾನು ಹಾಡಿನ ಜೊತೆ ಹೋಗಿದ್ದೆ. ಈಗ ಕಥೆಯ ಜೊತೆ ಹೋಗುತ್ತೇನೆ. ಎರಡು ಸಲ ನೋಡಿ ಎರಡು ತೀರ್ಪು ಕೊಡುವಂತೆ ಮಾಡುವ ಸಿನಿಮಾ ಜಾಸ್ತಿ ಇಲ್ಲ.

ಇದರ ಹಾಡುಗಳ ಬಗ್ಗೆ ಬೇರೆಯೇ ಬರೆಯಬೇಕು. ಜಿ.ಎಸ್. ಶಿವರುದ್ರಪ್ಪನವರ ‘ವೇದಾಂತಿ ಹೇಳಿದನು’ ಮತ್ತು ‘ಹಾಡು ಹಳೆಯದಾದರೇನು’ ಎರಡೂ ಇದೇ ಸಿನಿಮಾದಲ್ಲಿವೆ. ವಿಜಯಭಾಸ್ಕರ್ ರಾಗ ಹಾಕಿದ್ದಾರೆ. ಕವಿತೆಯನ್ನು ಕವಿತೆಯಾಗಿಯೇ ಉಳಿಸಿಕೊಂಡು ಸಿನಿಮಾ ಹಾಡು ಮಾಡುವುದು ಹೇಗೆ ಅಂತ ತಿಳಿಯಬೇಕಾದರೆ ಇವೆರಡೇ ಸಾಕು.

ನನ್ನ ಮಾತು: ಒಂದೂ ನೋಡಿಲ್ಲ ಅಂದರೆ ‘ಬಂಧನ’ದಿಂದ ಶುರು ಮಾಡಿ. ಮನೆಮಂದಿ ಜೊತೆ ನೋಡಬಹುದು, ಅಳಬಹುದು, ಮಧ್ಯೆ ಎದ್ದು ಕಾಫಿಗೆ ಹೋಗಿ ಬಂದರೂ ತೊಂದರೆ ಇಲ್ಲ. ‘ಮಾನಸ ಸರೋವರ’ ಒಬ್ಬರೇ ನೋಡುವಂಥದ್ದು. ಎರಡರಲ್ಲಿ ದೊಡ್ಡದು ಯಾವುದು ಅಂತ ಒತ್ತಾಯ ಮಾಡಿದರೆ ನನ್ನ ವೋಟು ಪುಟ್ಟಣ್ಣನವರಿಗೆ. ಭಾವ ಈ ಸಾಲು ಓದಿದರೆ ಮುಂದಿನ ಹಬ್ಬಕ್ಕೆ ನನಗೆ ಒಬ್ಬಟ್ಟಿಲ್ಲ.

ಮೇಜಿನ ಆ ಕಡೆ, ಮೇಜಿನ ಈ ಕಡೆ

ಚಿಕ್ಕಪ್ಪನ ‘ತಬರನ ಕಥೆ’ಯನ್ನು ಒಂಟಿಯಾಗಿ ನೋಡಬೇಡಿ. ಅದರ ಪಕ್ಕ ‘ಬರ’ ಇಟ್ಟು ನೋಡಿ. ಎರಡೂ ಸರ್ಕಾರಿ ಕಚೇರಿಯ ಕಥೆಗಳೇ. ಒಂದರಲ್ಲಿ ಕ್ಯಾಮೆರಾ ಮೇಜಿನ ಹಿಂದೆ ಸಾಹೇಬರ ಕುರ್ಚಿಯ ಪಕ್ಕ ನಿಂತಿದೆ. ಇನ್ನೊಂದರಲ್ಲಿ ಹೊರಗಿನ ಬೆಂಚಿನ ಮೇಲೆ ಕೂತಿದೆ.

‘ಬರ’ ಯು.ಆರ್. ಅನಂತಮೂರ್ತಿಯವರ ಕಥೆ. ನಿರ್ದೇಶಕರು ‘ಗರ್ಮ್ ಹವಾ’ ಮಾಡಿದ ಎಂ.ಎಸ್. ಸತ್ಯು, ಮೈಸೂರಿನವರು. ಎಂಬತ್ತರ ಆರಂಭದ ಸಿನಿಮಾ. ಆಮೇಲೆ ‘ಸೂಖಾ’ ಅಂತ ಹಿಂದಿಯಲ್ಲೂ ಬಂತು. ಅನಂತನಾಗ್ ಇಲ್ಲಿ ಆದರ್ಶ ತುಂಬಿಕೊಂಡು ಬಂದ ಯುವ ಜಿಲ್ಲಾಧಿಕಾರಿ. ಜಿಲ್ಲೆಯಲ್ಲಿ ನೀರಿಲ್ಲ, ಮೇವಿಲ್ಲ, ಜನ ಗುಳೆ ಹೋಗುತ್ತಿದ್ದಾರೆ. ಬರಪೀಡಿತ ಜಿಲ್ಲೆ ಅಂತ ಘೋಷಿಸಿ ಅನ್ನುವುದು ಅವನ ಒಂದೇ ಬೇಡಿಕೆ. ಕಣ್ಣಿಗೆ ಕಾಣುವ ಸತ್ಯ ಅದು. ಆದರೆ ಘೋಷಣೆ ಆದರೆ ಹೆಸರು ಯಾರಿಗೆ, ಆಗದಿದ್ದರೆ ಲಾಭ ಯಾರಿಗೆ ಅನ್ನುವ ಲೆಕ್ಕ ರಾಜಧಾನಿಯಲ್ಲಿ ನಡೆಯುತ್ತಿದೆ. ಈ ಸಿನಿಮಾ ನಮಗೆ ಕಲಿಸುವುದು ಒಂದು ವಿಚಿತ್ರ ಪಾಠ: ಕಾರು, ಬಂಗಲೆ, ಸಹಿ ಹಾಕುವ ಪೆನ್ನು ಎಲ್ಲ ಇದ್ದವನಿಗೂ ಕೈ ಕಟ್ಟಿದಂತೆ ಆಗಬಹುದು. ಅನಂತನಾಗ್ ಆ ಅಸಹಾಯಕತೆಯನ್ನು ಕಿರುಚದೆ ತೋರಿಸುತ್ತಾರೆ. ದಿನದಿಂದ ದಿನಕ್ಕೆ ಮಾತು ಕಡಿಮೆ ಆಗುತ್ತಾ ಹೋಗುತ್ತದೆ, ಅಷ್ಟೇ.

‘ತಬರನ ಕಥೆ’ಯ ತಬರ ಶೆಟ್ಟಿ ಅದೇ ಯಂತ್ರದ ಕಟ್ಟಕಡೆಯ ಹಲ್ಲು. ಬ್ರಿಟಿಷರ ಕಾಲದಲ್ಲಿ ಕೆಲಸಕ್ಕೆ ಸೇರಿ ಸ್ವತಂತ್ರ ದೇಶದಲ್ಲಿ ನಿವೃತ್ತಿಯಾದ ಪುರಸಭೆ ನೌಕರ. ಪೂರ್ಣಚಂದ್ರ ತೇಜಸ್ವಿಯವರ ಕಥೆ, ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರಕ್ಕೆ ಸ್ವರ್ಣಕಮಲ ಬಂತು, ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಚಾರುಹಾಸನ್ ತಮಿಳಿನವರು, ಕಮಲಹಾಸನ್ ಅವರ ಅಣ್ಣ. ಸಿನಿಮಾ ನೋಡುವಾಗ ಅದು ಯಾವುದೂ ನೆನಪಾಗುವುದಿಲ್ಲ. ನಮ್ಮ ಊರಿನ ಯಾವುದೋ ಕಚೇರಿಯ ಮೆಟ್ಟಿಲ ಮೇಲೆ ಕಂಡ ಮುದುಕರೇ ಕಣ್ಣ ಮುಂದೆ ಬರುತ್ತಾರೆ.

ತಬರನಿಗೆ ಪೆನ್ಷನ್ ಬೇಕು. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಹಣ ಬಂದರೆ ಚಿಕಿತ್ಸೆ. ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆ, ಗಾಯ ಬೆರಳಿನಿಂದ ಪಾದಕ್ಕೆ ಹೋಗುತ್ತದೆ. ಎರಡರ ನಡಿಗೆಯನ್ನೂ ಕಾಸರವಳ್ಳಿ ಪಕ್ಕ ಪಕ್ಕ ಇಡುತ್ತಾರೆ. ಕಾಲು ಕತ್ತರಿಸದೆ ಬೇರೆ ದಾರಿ ಇಲ್ಲ ಅಂತಾದಾಗ, ಆಸ್ಪತ್ರೆಗೆ ಕಾಸಿಲ್ಲದ ತಬರ ಕಟುಕನ ಹತ್ತಿರ ಹೋಗಿ ಕೇಳಿಕೊಳ್ಳುತ್ತಾನೆ. ಇದನ್ನು ಓದುವಾಗ ಅತಿ ಅನ್ನಿಸಬಹುದು. ನೋಡುವಾಗ ಅನ್ನಿಸುವುದಿಲ್ಲ. ಅಷ್ಟು ಹೊತ್ತಿಗೆ ನಾವೂ ಅವನ ಜೊತೆ ಅಷ್ಟು ಮೆಟ್ಟಿಲು ಹತ್ತಿ ಇಳಿದಿರುತ್ತೇವೆ.

ಅಪ್ಪನ ಪೆನ್ಷನ್ ಕಾಗದಕ್ಕಾಗಿ ನಾನೂ ಒಂದು ಕಚೇರಿಯ ಬೆಂಚು ಕಾದವನು. ಮೂರನೇ ಸಲ ಹೋದಾಗ ಗುಮಾಸ್ತರು, ‘ಹೆಸರಲ್ಲಿ ಒಂದು ಇನಿಶಿಯಲ್ ಕಡಿಮೆ ಇದೆಯಲ್ಲ ಸಾರ್’ ಅಂದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ, ಅದೇ ತೊಂದರೆ. ತಬರನ ಲೋಕದಲ್ಲೂ ಒಬ್ಬ ಖಳನಾಯಕ ಅಂತ ಇಲ್ಲ. ಎಲ್ಲರೂ ಅವರವರ ರೂಲ್ಸು ಪಾಲಿಸುವವರೇ. ಬೈಯಲು ಒಂದು ಮುಖ ಸಿಗುವುದಿಲ್ಲ.

ಇಲ್ಲಿ ನಾನು ಚಿಕ್ಕಪ್ಪನ ಕಡೆ. ‘ಬರ’ದಲ್ಲಿ ಮಾತು ಸ್ವಲ್ಪ ಜಾಸ್ತಿ, ಕೆಲವು ಕಡೆ ಪಾತ್ರಗಳು ಸಂಪಾದಕೀಯ ಓದಿದಂತೆ ಮಾತಾಡುತ್ತವೆ. ‘ತಬರನ ಕಥೆ’ಯಲ್ಲಿ ಅದಿಲ್ಲ. ಆದರೂ ಐಎಎಸ್, ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗರು ಮನೆಯಲ್ಲಿದ್ದರೆ ಮೊದಲು ‘ಬರ’ ತೋರಿಸಿ.

ಇದೇ ಜಾತಿಗೆ ಸೇರಿದ, ಆದರೆ ನಗಿಸುವ ಸಿನಿಮಾ ಬೇಕು ಅಂದರೆ ಟಿ.ಎಸ್. ನಾಗಾಭರಣರ ‘ಬ್ಯಾಂಕರ್ ಮಾರ್ಗಯ್ಯ’ ಇದೆ. ಆರ್.ಕೆ. ನಾರಾಯಣ್ ಅವರ ಕಾದಂಬರಿ, ಲೋಕೇಶ್ ಮಾರ್ಗಯ್ಯ. ಸಹಕಾರಿ ಬ್ಯಾಂಕಿನ ಎದುರಿನ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು, ಬ್ಯಾಂಕಿನಿಂದ ಸಾಲ ಎತ್ತುವ ದಾರಿ ರೈತರಿಗೆ ಹೇಳಿಕೊಟ್ಟು ಕಾಸು ಮಾಡುವ ಮನುಷ್ಯ. ಕಚೇರಿಗೂ ಬೆಂಚಿಗೂ ನಡುವಿನ ಜಾಗ ಅವನದು. ಲೋಕೇಶ್ ಅವರನ್ನು ಮರೆತವರು ಇದೊಂದನ್ನು ನೋಡಿ.

ಸಿಟ್ಟು ಬಂದಾಗ

ವ್ಯವಸ್ಥೆಯ ಮೇಲೆ ಸಿಟ್ಟು ಎಂಬತ್ತರ ದಶಕದ ಖಾಯಂ ಸರಕು. ಅದರಲ್ಲಿ ಎರಡನ್ನು ತೂಗಿ ನೋಡೋಣ.

‘ಅಂತ’ 1981. ಎಚ್.ಕೆ. ಅನಂತರಾವ್ ಅವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ. ಅಂಬರೀಶ್ ಇಲ್ಲಿ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್, ಅವನ ತದ್ರೂಪಿ ಕನ್ವರ್‌ಲಾಲ್ ಕೂಡ ಅವರೇ. ಅಲ್ಲಿಂದ ಮುಂದೆ ಅಂಬರೀಶ್ ಎಲ್ಲಿ ಹೋದರೂ ಜನ ‘ಕನ್ವರ್‌ಲಾಲ್’ ಅಂತ ಕೂಗುವ ಹಾಗಾಯಿತು. ಪೊಲೀಸ್ ಅಧಿಕಾರಿಯನ್ನು ಹಿಂಸಿಸುವ ದೃಶ್ಯಗಳು ಆ ಕಾಲಕ್ಕೆ ವಿವಾದ ಎಬ್ಬಿಸಿದ್ದವು. ಇವತ್ತು ನೋಡಿದರೂ ಹೊಟ್ಟೆ ತೊಳಸುತ್ತದೆ. ಬಾಬು ಅವರೇ ಅದೇ ವರ್ಷ ಜಿತೇಂದ್ರ ಜೊತೆ ಹಿಂದಿಗೂ ಒಯ್ದರು.

‘ಆಕ್ಸಿಡೆಂಟ್’ 1985. ಶಂಕರ್‌ನಾಗ್ ನಿರ್ದೇಶನ, ಪತ್ರಕರ್ತನ ಪಾತ್ರವೂ ಅವರದೇ. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸುತ್ತಾನೆ. ಬರದಿಂದ ಊರು ಬಿಟ್ಟು ಬೆಂಗಳೂರಿಗೆ ಬಂದು ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಅದು ಹರಿಯುತ್ತದೆ. ಆಮೇಲೆ ಮುಚ್ಚಿಹಾಕುವ ಕೆಲಸ. ರಾಜಕಾರಣಿ ತಂದೆ ಅನಂತನಾಗ್. ‘ಬರ’ದಲ್ಲಿ ಗುಳೆ ಹೊರಟ ಜನರನ್ನು ಕಂಡು ಕಳವಳಪಟ್ಟ ಮುಖವೇ ಇಲ್ಲಿ ಅಂಥದೇ ಜನರ ಸಾವನ್ನು ಲೆಕ್ಕ ಹಾಕಿ ಮುಚ್ಚುತ್ತದೆ. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಒಬ್ಬ ನಟ ಏನೇನು ಮಾಡಬಲ್ಲ ಅಂತ ಗೊತ್ತಾಗುತ್ತದೆ. ಸಂಗೀತ ಇಳಯರಾಜ. ಸಾಮಾಜಿಕ ವಿಷಯದ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು.

‘ಅಂತ’ ಸಿಟ್ಟನ್ನು ಕೆರಳಿಸಿ, ಆಮೇಲೆ ತಣಿಸುತ್ತದೆ. ಥಿಯೇಟರಿನಿಂದ ಹೊರಗೆ ಬಂದವನಿಗೆ ಹಗುರ ಅನ್ನಿಸುತ್ತದೆ. ‘ಆಕ್ಸಿಡೆಂಟ್’ ಆ ಸಿಟ್ಟನ್ನು ನಿಮ್ಮ ಜೇಬಿಗೇ ಹಾಕಿ ಮನೆಗೆ ಕಳಿಸುತ್ತದೆ. ನನಗೆ ಎರಡನೆಯದೇ ಇಷ್ಟ. ಶಿಳ್ಳೆ ಹೊಡೆದು ನೋಡುವ ಗೆಳೆಯರ ಗುಂಪಿದ್ದರೆ ‘ಅಂತ’ಕ್ಕೆ ಸಾಟಿ ಇಲ್ಲ, ಅದನ್ನೂ ಒಪ್ಪುತ್ತೇನೆ. ಮಕ್ಕಳನ್ನು ಮಾತ್ರ ಬೇರೆ ಕೋಣೆಗೆ ಕಳಿಸಿ.

ಇವೆರಡೂ ಭಾರ ಅನ್ನಿಸಿದರೆ 1980ರ ‘ಮಿಂಚಿನ ಓಟ’. ನಾಗ್ ಸಹೋದರರು ಕಾರು ಕಳ್ಳರು, ಜೊತೆಗೆ ಲೋಕನಾಥ್. ಜೈಲಿನಿಂದ ತಪ್ಪಿಸಿಕೊಳ್ಳುವ ಕಥೆ. ಅಷ್ಟು ಚುರುಕಾದ ಸಿನಿಮಾ ಆ ಕಾಲದಲ್ಲಿ ಕಡಿಮೆ.

ಇಬ್ಬರು ಹೆಂಗಸರು

‘ಫಣಿಯಮ್ಮ’ನನ್ನೂ ‘ರಂಗನಾಯಕಿ’ಯನ್ನೂ ಹೋಲಿಸಿದರೆ ಎರಡೂ ಕಡೆಯವರಿಗೆ ಕೋಪ ಬರುತ್ತದೆ. ಬರಲಿ.

ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತ್ 1983ರಲ್ಲಿ ತೆರೆಗೆ ತಂದರು. ಫಣಿಯಮ್ಮ ಮಲೆನಾಡಿನ ಬ್ರಾಹ್ಮಣ ಮನೆಯ ಬಾಲವಿಧವೆ. ಆಟದ ವಯಸ್ಸಿನಲ್ಲಿ ಗಂಡ ಸತ್ತ, ಆಮೇಲೆ ತಲೆ ಬೋಳಿಸಿದರು, ಉಳಿದ ಬದುಕೆಲ್ಲ ಮಡಿಯಲ್ಲಿ, ಊರವರ ಸೇವೆಯಲ್ಲಿ. ಎಲ್.ವಿ. ಶಾರದಾ ಆ ಪಾತ್ರದಲ್ಲಿ ದನಿ ಏರಿಸುವುದೇ ಇಲ್ಲ. ಹೆರಿಗೆ ಕಷ್ಟವಾದಾಗ ಜಾತಿ ನೋಡದೆ ಕೈ ಹಾಕುತ್ತಾಳೆ. ಮನೆಯ ಇನ್ನೊಬ್ಬ ಎಳೆ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಲು ಬಿಡುವುದಿಲ್ಲ ಅಂದಾಗ ಅವಳ ಪರ ನಿಲ್ಲುತ್ತಾಳೆ. ಬಂಡಾಯ ಅನ್ನುವ ಪದ ಆಕೆಗೆ ಗೊತ್ತಿಲ್ಲ. ಆಕೆ ಮಾಡಿದ್ದು ಅದೇ.

‘ರಂಗನಾಯಕಿ’ ಅದಕ್ಕೆ ಪೂರ್ತಿ ಉಲ್ಟಾ. 1981, ಪುಟ್ಟಣ್ಣ, ಅಶ್ವತ್ಥರ ಕಾದಂಬರಿ. ಆರತಿ ನಾಟಕ ಕಂಪನಿಯ ನಟಿ. ಮದುವೆಯಾದ ಮೇಲೆ ರಂಗ ಬಿಡಬೇಕು ಅನ್ನುವ ಗಂಡ, ಬಿಟ್ಟು ಇರಲಾಗದ ಇವಳು. ಅವನು ಮಗನನ್ನು ಎತ್ತಿಕೊಂಡು ಹೋಗುತ್ತಾನೆ. ವರ್ಷಗಳ ಮೇಲೆ, ತಾಯಿ ಅಂತ ಗೊತ್ತಿಲ್ಲದ ಮಗ ಆ ನಟಿಗೇ ಮರುಳಾಗುತ್ತಾನೆ. 1981ರಲ್ಲಿ ಕುಟುಂಬ ಸಮೇತ ಬಂದು ಕೂತ ಪ್ರೇಕ್ಷಕರ ಮುಂದೆ ಇದನ್ನು ಇಡಲು ಎಂಥ ಧೈರ್ಯ ಬೇಕು ಯೋಚಿಸಿ. ಎಲ್ಲ ಕಡೆಯೂ ಹದ ಸಿಕ್ಕಿಲ್ಲ. ಕೊನೆ ಅರ್ಧ ಗಂಟೆ ಎಲ್ಲರೂ ಜೋರಾಗಿಯೇ ಮಾತಾಡುತ್ತಾರೆ. ಆದರೆ ಆರತಿ ಇರುವ ಯಾವ ದೃಶ್ಯದಿಂದಲೂ ಕಣ್ಣು ತೆಗೆಯಲು ಆಗುವುದಿಲ್ಲ.

ತಾಳ್ಮೆ ಇರುವ ರಾತ್ರಿ ‘ಫಣಿಯಮ್ಮ’. ಇಲ್ಲದ ರಾತ್ರಿ ‘ರಂಗನಾಯಕಿ’. ನಾಟಕ, ರಂಗಭೂಮಿ ಅಂತ ಓಡಾಡುವವರಿಗೆ ‘ರಂಗನಾಯಕಿ’ ಹೇಗೂ ಕಡ್ಡಾಯ.

ಅಮ್ಮನ ಪಾಲು

ರಾಜ್‌ಕುಮಾರ್ ಎಂಬತ್ತರ ದಶಕಕ್ಕೆ ಕಾಲಿಟ್ಟಾಗಲೇ ಐವತ್ತು ದಾಟಿದ್ದರು. ಆದರೂ ಹಾಡುತ್ತಾ ನಟಿಸುತ್ತಾ ಮೆರೆದ ಕಾಲ ಅದು. ‘ಹಾಲು ಜೇನು’ (1982) ಮತ್ತು ‘ಕವಿರತ್ನ ಕಾಳಿದಾಸ’ (1983) ಎರಡರಲ್ಲಿ ಆರಿಸಿ ಅಂದರೆ ಅಮ್ಮ ನನ್ನನ್ನು ಕೆಕ್ಕರಿಸಿ ನೋಡುತ್ತಾರೆ.

‘ಕಾಳಿದಾಸ’ದಲ್ಲಿ ಕುರುಬರ ಹುಡುಗನ ಮುಗ್ಧ ಕನ್ನಡದಿಂದ ಶುರುವಾಗಿ ‘ಮಾಣಿಕ್ಯ ವೀಣಾ’ ಶ್ಲೋಕದವರೆಗೆ ಒಬ್ಬನೇ ಮನುಷ್ಯನ ನಾಲಿಗೆ ಹೇಗೆ ಬದಲಾಗುತ್ತದೆ ಅಂತ ಕೇಳಬೇಕು. ಕನ್ನಡದ ಉಚ್ಚಾರಣೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ‘ಹಾಲು ಜೇನು’ ಸಣ್ಣ ಮನೆಯ ಕಥೆ. ಹೆಂಡತಿಗೆ ಕ್ಯಾನ್ಸರ್, ಚಿಕಿತ್ಸೆಯ ದುಡ್ಡಿಗಾಗಿ ಗಂಡ ಸುಳ್ಳಿನ ಮೇಲೆ ಸುಳ್ಳು ಹೇಳುತ್ತಾನೆ. ಆ ಸುಳ್ಳುಗಳಿಗೆ ನಾವು ನಗುತ್ತೇವೆ, ಮನೆಗೆ ಹೋದರೆ ಮಾಧವಿ ಮಲಗಿರುತ್ತಾರೆ. ನಗುವನ್ನೂ ಅಳುವನ್ನೂ ಅಷ್ಟು ಹತ್ತಿರ ಇಟ್ಟವರು ಸಿಂಗೀತಂ ಶ್ರೀನಿವಾಸರಾವ್. ನನಗೆ ‘ಹಾಲು ಜೇನು’ ಒಂದು ಕೂದಲೆಳೆ ಮೇಲೆ. ಅಮ್ಮನಿಗೆ ಹೇಳಬೇಡಿ.

ಬರೀ ಹಾಡಿಗೆ

‘ಗೀತಾ’ (1981) ಅಥವಾ ‘ಪ್ರೇಮಲೋಕ’ (1987). ಮೊದಲನೆಯದಕ್ಕೆ ಇಳಯರಾಜ, ಎರಡನೆಯದಕ್ಕೆ ಹಂಸಲೇಖ. ‘ಜೊತೆಯಲಿ ಜೊತೆ ಜೊತೆಯಲಿ’ ಒಂದು ತಲೆಮಾರಿನ ಪ್ರೇಮಪತ್ರ. ಆದರೆ ‘ಪ್ರೇಮಲೋಕ’ ಬಂದ ಮೇಲೆ ಕನ್ನಡ ಸಿನಿಮಾ ಹಾಡಿನ ಮಾತೇ ಬದಲಾಯಿತು. ಕಾಲೇಜು ಕಾರಿಡಾರಿನ ಮಾತು, ಕೀಟಲೆ, ತಕರಾರು ಎಲ್ಲ ನೇರ ಹಾಡಿಗೆ ಬಂತು. ಹುಡುಗ ರವಿಚಂದ್ರನ್, ಹುಡುಗಿ ಜೂಹಿ ಚಾವ್ಲಾ, ಮಧ್ಯೆ ವಿಷ್ಣುವರ್ಧನ್, ಅಂಬರೀಶ್ ಕೂಡ ಬಂದು ಹೋಗುತ್ತಾರೆ. ಕಥೆ ಏನು ಅಂತ ಕೇಳಬೇಡಿ, ಯಾರಿಗೂ ನೆನಪಿಲ್ಲ. ‘ಗೀತಾ’ದ ಕಥೆ ನೆನಪಿರುತ್ತದೆ, ಮತ್ತು ಅದು ಅಳಿಸುತ್ತದೆ. ಕಾರಿನಲ್ಲಿ ದೂರ ಹೋಗುವಾಗ ‘ಪ್ರೇಮಲೋಕ’, ಮಳೆ ಬರುವಾಗ ‘ಗೀತಾ’. ಇದಕ್ಕಿಂತ ಜಾಸ್ತಿ ಹೋಲಿಕೆ ಇಲ್ಲಿ ಬೇಡ.

ಮಕ್ಕಳ ಜೊತೆ, ಕನ್ನಡ ಬಾರದವರ ಜೊತೆ

ಮನೆಯಲ್ಲಿ ಎಂಟು ಹತ್ತು ವರ್ಷದ ಮಕ್ಕಳಿದ್ದರೆ ಬೇರೆ ಯೋಚನೆ ಬೇಡ, ‘ಬೆಟ್ಟದ ಹೂವು’. 1985, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಮೂಲ ಒಂದು ಇಂಗ್ಲಿಷ್ ಕಾದಂಬರಿ. ಆದರೆ ಕನ್ನಡಕ್ಕೆ ಬಂದಾಗ ಹುಡುಗನ ಆಸೆಯೂ ಕನ್ನಡದ್ದಾಯಿತು: ರಾಮುವಿಗೆ ಬೇಕಾದದ್ದು ಅಂಗಡಿಯಲ್ಲಿ ಇಟ್ಟಿರುವ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಅದಕ್ಕಾಗಿ ಬೆಟ್ಟ ಹತ್ತಿ ಅಪರೂಪದ ಹೂವು ಹುಡುಕಿ ಕೊಟ್ಟು ಕಾಸು ಕೂಡಿಸುತ್ತಾನೆ. ಕೂಡಿಸಿದ ಮೇಲೆ ಪುಸ್ತಕ ಕೊಳ್ಳುವುದಿಲ್ಲ, ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಪುನೀತ್ ರಾಜ್‌ಕುಮಾರ್ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ತಂದ ಪಾತ್ರ. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡ ಮೇಲೆ ಈ ಸಿನಿಮಾ ನೋಡುವುದು ದೊಡ್ಡವರಿಗೆ ಸುಲಭ ಅಲ್ಲ. ಮಕ್ಕಳಿಗೆ ಆ ಭಾರ ಇಲ್ಲ. ‘ಅವ್ನು ಆಮೇಲೆ ಪುಸ್ತಕ ಹೇಗೆ ಓದ್ದ?’ ಅಂತ ನನ್ನ ಮಗಳು ಏಳನೇ ವಯಸ್ಸಿನಲ್ಲಿ ಕೇಳಿದ್ದಳು. ಸಿನಿಮಾ ಗೆದ್ದಿದೆ ಅನ್ನಲು ನನಗೆ ಅಷ್ಟು ಸಾಕಿತ್ತು.

ಕನ್ನಡ ಬಾರದ ಗೆಳೆಯರಿದ್ದರೆ ‘ಪುಷ್ಪಕ ವಿಮಾನ’ (1987). ಮಾತೇ ಇಲ್ಲದ ಸಿನಿಮಾ, ಹಾಗಾಗಿ ಭಾಷೆಯ ಜಗಳವೂ ಇಲ್ಲ. ತಮಿಳರು, ತೆಲುಗರು, ಹಿಂದಿಯವರು ಎಲ್ಲರೂ ಬೇರೆ ಬೇರೆ ಹೆಸರಿಟ್ಟು ತಮ್ಮದು ಅಂದುಕೊಂಡಿದ್ದಾರೆ. ಸಿಂಗೀತಂ ಅವರ ಜೊತೆ ನಿರ್ಮಾಪಕರಾಗಿ ನಿಂತವರು ನಮ್ಮ ಶೃಂಗಾರ್ ನಾಗರಾಜ್, ಊರು ನಮ್ಮ ಬೆಂಗಳೂರು. ಕೆಲಸ ಇಲ್ಲದ ಹುಡುಗ ಕಮಲಹಾಸನ್ ಕುಡಿದು ಬಿದ್ದ ಶ್ರೀಮಂತನೊಬ್ಬನನ್ನು ಕಟ್ಟಿಹಾಕಿ, ಅವನ ಹೋಟೆಲ್ ಕೋಣೆಗೆ ಹೋಗಿ ಸೇರಿಕೊಳ್ಳುತ್ತಾನೆ. ‘ಹಾಲು ಜೇನು’ವಿನಲ್ಲಿ ಅಷ್ಟು ಮಾತಾಡಿಸಿದ ನಿರ್ದೇಶಕರೇ ಐದು ವರ್ಷದ ನಂತರ ಎಲ್ಲರ ಬಾಯಿಗೂ ಬೀಗ ಹಾಕಿದ್ದು ನನಗೆ ಇವತ್ತಿಗೂ ಸೋಜಿಗ.

ಒಂದು ಎಚ್ಚರಿಕೆ. ಈ ಸಿನಿಮಾಗಳಲ್ಲಿ ಎಷ್ಟೋ ಇಂಟರ್ನೆಟ್ಟಿನಲ್ಲಿ ಸಿಗುವ ಪ್ರಿಂಟುಗಳಲ್ಲಿ ಬಣ್ಣ ಮಾಸಿದೆ, ದನಿ ಗೊರಗೊರ ಅನ್ನುತ್ತದೆ. ‘ಫಣಿಯಮ್ಮ’, ‘ತಬರನ ಕಥೆ’ಯಂಥ ಕಡಿಮೆ ದನಿಯ ಸಿನಿಮಾಗಳಿಗೆ ಇದರಿಂದ ಜಾಸ್ತಿ ಪೆಟ್ಟು. ಫಿಲ್ಮ್ ಸೊಸೈಟಿಯವರೋ ಚಿತ್ರೋತ್ಸವದವರೋ ಒಳ್ಳೆಯ ಪ್ರಿಂಟ್ ಹಾಕಿದರೆ ಹತ್ತು ಕಿಲೋಮೀಟರ್ ಆದರೂ ಸರಿ, ಹೋಗಿ ನೋಡಿ. ಇಲ್ಲದಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.

ಅಂದಹಾಗೆ ಮಗಳು ಕೊನೆಗೆ ಆರಿಸಿಕೊಂಡದ್ದು ‘ಪುಷ್ಪಕ ವಿಮಾನ’. ಅದರಲ್ಲಿ ಒಂದು ಕಡೆ, ಸಿನಿಮಾ ಟಾಕೀಸಿನ ಪಕ್ಕದ ಗದ್ದಲದ ಕೋಣೆಯಲ್ಲಿ ಬದುಕಿದ ಹುಡುಗನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ. ವಾಪಸ್ ಹೋಗಿ ಆ ಡಿಶುಂ ಡಿಶುಂ ಸದ್ದನ್ನೆಲ್ಲ ಟೇಪಿನಲ್ಲಿ ಹಿಡಿದು ತಂದು, ಹಾಕಿಕೊಂಡು ಮಲಗುತ್ತಾನೆ. ಅವಳು ಬಿದ್ದು ಬಿದ್ದು ನಕ್ಕಳು. ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಭಾವ ಮತ್ತು ಚಿಕ್ಕಪ್ಪ ಇನ್ನೂ ‘ಬಂಧನ’, ‘ತಬರ’ ಅಂತ ಕೂಗಾಡುತ್ತಿದ್ದರು. ಅಮ್ಮ ಮಾತ್ರ ಆ ಗದ್ದಲದಲ್ಲೇ ಸೋಫಾ ಮೇಲೆ ಹಾಯಾಗಿ ನಿದ್ದೆ ಹೋಗಿದ್ದರು.